ಮೂಗು ಹಿಡಿಯದ ಕೈ

ಹಿಮ ಬೀಳುವ ತಿಂಗಳುಗಳಲ್ಲಿ ನನ್ನ ಮೈಯಲ್ಲಿ ಎಲ್ಲಕ್ಕಿಂತ ಮೊದಲು ಎಚ್ಚರಗೊಳ್ಳುವುದು ಮೂಗು. ಕೈಕಾಲುಗಳು ಕಂಬಳಿಯೊಳಗೆ ಇನ್ನೂ ಹಟ ಹಿಡಿದು ಮಲಗಿರುವಾಗಲೇ ಅದು ತಣ್ಣಗಾಗಿ, ಕೆಂಪಾಗಿ, ತೊಟ್ಟಿಕ್ಕಲು ಸಿದ್ಧವಾಗಿ ಕುಳಿತಿರುತ್ತದೆ. ಅಂಗಳದ ಹುಲ್ಲಿನ ಮೇಲೆ ಬಿದ್ದ ಬಿಳಿಯನ್ನು ನೋಡುವ ಮೊದಲೇ ಅದಕ್ಕೆ ಸುದ್ದಿ ಮುಟ್ಟಿರುತ್ತದೆ. "ಒಲೆಗ ಕೆಂಡ ಬೇಡ, ನಿಮ್ಮ ಮೂಗೇ ಸಾಕು" ಎಂದು ನನ್ನ ಹೆಂಡತಿ ಹಾಸ್ಯ ಮಾಡುತ್ತಾಳೆ. ಮದುವೆಯಾದ ವರ್ಷದಿಂದಲೂ ಇದೇ ಮಾತು. ನಾನೂ ಅದೇ ಮೂಗನ್ನು ಇಟ್ಟುಕೊಂಡಿರುವಾಗ ಅವಳು ಹೊಸ ಮಾತನ್ನು ಎಲ್ಲಿಂದ ತಂದಾಳು?

ಈ ಮೂಗು ನಮ್ಮ ಮನೆತನದ್ದಲ್ಲ. ಅಪ್ಪನದು ಮೊಂಡು ಮೂಗು. ಅವ್ವೆಯದು ಇದೆಯೋ ಇಲ್ಲವೋ ಎಂಬಷ್ಟು ಚಿಕ್ಕದು. ಹೀಗಿರುವಾಗ ಹಟ್ಟಿಯ ಯಾವ ಮನೆಯಲ್ಲೂ ಇಲ್ಲದ ಇಷ್ಟು ಉದ್ದದ ಸಾಮಾನು ನನಗೆ ಎಲ್ಲಿಂದ ಬಂತು ಎಂದು ನಾನು ಬಹಳ ಯೋಚಿಸಿದ್ದೇನೆ. ನನ್ನ ತೀರ್ಮಾನವನ್ನು ನೀವು ನಗದೆ ಕೇಳುವುದಾದರೆ ಹೇಳುತ್ತೇನೆ. ಇದು ನಾನು ಶಾಲೆಯಲ್ಲಿ ಸಂಪಾದಿಸಿದ್ದು. ಅಲ್ಲಿಂದ ನಾನು ತಂದದ್ದು ಇದೊಂದೇ ಎಂದರೂ ತಪ್ಪಾಗದು.

ಈಗಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಾಲದಲ್ಲಿ ಮೇಷ್ಟ್ರು ಒಂದು ಪ್ರಶ್ನೆ ಕೇಳಿದರೆ ಸಾಲಿನ ಮೊದಲ ಹುಡುಗನಿಂದ ಶುರುವಾಗುತ್ತಿತ್ತು. ಗೊತ್ತಿಲ್ಲದವನು ಎದ್ದು ನಿಲ್ಲಬೇಕು. ಅವನ ಪಕ್ಕದವನಿಗೂ ಗೊತ್ತಿಲ್ಲದಿದ್ದರೆ ಅವನೂ ನಿಲ್ಲಬೇಕು. ಹೀಗೆ ನಿಲ್ಲುತ್ತ ಹೋಗಿ ಕೊನೆಗೆ ಯಾವನೋ ಒಬ್ಬ ಪುಣ್ಯಾತ್ಮ ಉತ್ತರ ಹೇಳಿದ ಎನ್ನಿ. ಅವನಿಗೆ ಬಹುಮಾನವೆಂದರೆ, ನಿಂತವರ ಬಳಿಗೆಲ್ಲ ಬಂದು, ಎಡಗೈಯಲ್ಲಿ ಮೂಗು ಹಿಡಿದು, ಬಲಗೈಯಿಂದ ಕೆನ್ನೆಗೆ ಒಂದು ಬಿಗಿಯುವುದು. ಗೆಳೆಯನೆಂದು ಮೆತ್ತಗೆ ತಟ್ಟುವಂತಿಲ್ಲ. ಹಾಗೆ ತಟ್ಟಿದರೆ ಹೊಡೆಯುವುದು ಹೇಗೆಂದು ಮೇಷ್ಟ್ರು ಅವನ ಕೆನ್ನೆಯ ಮೇಲೆಯೇ ತೋರಿಸಿಕೊಡುತ್ತಿದ್ದರು.

ನಾನಂತೂ ಆ ತರಗತಿಯಲ್ಲಿ ಕುಳಿತದ್ದಕ್ಕಿಂತ ನಿಂತದ್ದೇ ಹೆಚ್ಚು. ಕಣ್ಣು ಮುಚ್ಚಿಕೊಂಡು, ಮೂಗು ಹಿಡಿದ ಕೈಯ ವಾಸನೆಯಿಂದಲೇ ಆಳು ಯಾರೆಂದು ಹೇಳುವಷ್ಟು ಪರಿಣತಿ ಬಂದಿತ್ತು. ಬೆಳ್ಳುಳ್ಳಿ ಹೊಲದವನ ಕೈ ಬೇರೆ, ಎಮ್ಮೆ ಕರೆದು ಬಂದವನ ಕೈ ಬೇರೆ. ಈ ವಿದ್ಯೆಯಲ್ಲಿ ಪರೀಕ್ಷೆ ಇಟ್ಟಿದ್ದರೆ ಮದರಾಸು ಪ್ರಾಂತ್ಯಕ್ಕೇ ನಾನು ಮೊದಲಿಗನಾಗುತ್ತಿದ್ದೆ.

ಆ ಶಾಲೆ ನಮ್ಮ ಹಟ್ಟಿಗೂ ಪಕ್ಕದ ಹಟ್ಟಿಗೂ ನಡುವೆ, ಹಳ್ಳದ ದಂಡೆಯ ಮೇಲಿತ್ತು. ಕೂನೂರಿನಲ್ಲೇ ನಿಂತುಬಿಡುತ್ತಿದ್ದ ರೈಲು ಊಟಿಯವರೆಗೂ ಹತ್ತತೊಡಗಿದ ಹೊಸತು. ಕೆತ್ತಿ ಕಣಿವೆಯ ಕಡೆಯಿಂದ ಅದರ ಕೂಗು ಕೇಳಿದರೆ ಮೇಷ್ಟ್ರು ಪಾಠ ನಿಲ್ಲಿಸಿ, ಅದು ದೂರವಾಗುವ ತನಕ ಕಾಯುತ್ತಿದ್ದರು. ಅವರು ಕೊಳ್ಳೇಗಾಲದ ಕಡೆಯವರು, ಒಬ್ಬಂಟಿ. ನಮ್ಮ ಚಳಿಗೆ ಹೆದರಿ ಕಿವಿಗೆ ಸದಾ ಬಟ್ಟೆ ಸುತ್ತಿಕೊಂಡಿರುತ್ತಿದ್ದರು. ಮನೆಯಲ್ಲಿ ನಾವು ಆಡುವುದು ನಮ್ಮ ಬಡಗರ ಮಾತು, ಶಾಲೆಯಲ್ಲಿ ಓದುವುದು ಪುಸ್ತಕದ ಕನ್ನಡ. ಎರಡಕ್ಕೂ ನಂಟು ಉಂಟು, ಆದರೆ ದೂರದ ನಂಟು. ನಾನು ದಡ್ಡನಾದದ್ದಕ್ಕೆ ಇದೂ ಒಂದು ಕಾರಣವೆಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ನನ್ನ ತಂಗಿ ಮಾದಿಗೆ ಆ ತೊಂದರೆ ಬರಲಿಲ್ಲವಲ್ಲ!

ಮಾದಿ ನನಗಿಂತ ಬಹಳ ಚಿಕ್ಕವಳು, ಆಗ ಅವಳಿಗೆ ನಾಲ್ಕು ವರ್ಷವಿರಬೇಕು. ಅಪ್ಪ ಹುಡುಗನಾಗಿದ್ದಾಗ ಪಾದ್ರಿಯ ಶಾಲೆಯಲ್ಲಿ ಒಂದಿಷ್ಟು ಓದಿದವರು. ಸಂಜೆ ಆಲೂಗಡ್ಡೆ ಹೊಲದಿಂದ ಬಂದು ಕೈಕಾಲು ತೊಳೆದ ಮೇಲೆ ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡು ಓದಿಸುತ್ತಿದ್ದರು. ಪುಸ್ತಕ ನಮ್ಮಿಬ್ಬರ ಮುಂದೆ ನೆಲದ ಮೇಲೆ. ಅದರಾಚೆ, ನಮಗೆ ಎದುರಾಗಿ, ಮೊಣಕಾಲು ಅಪ್ಪಿಕೊಂಡು ಮಾದಿ. ಅಪ್ಪ ಅಕ್ಷರದ ಮೇಲೆ ಬೆರಳಿಡುವುದು, ನಾನು ಬಾಯಿ ತೆರೆದು ಸೂರು ನೋಡುವುದು, ಹೀಗೇ ನಡೆದಿತ್ತು. ಒಂದು ಸಂಜೆ ನಾನು ಎಂದಿನಂತೆ ಸೂರು ನೋಡುತ್ತಿದ್ದಾಗ ಆ ಕಡೆಯಿಂದ ಉತ್ತರ ಬಂತು. ಅಪ್ಪ ನಾನೇ ಹೇಳಿದೆನೆಂದುಕೊಂಡು ಬೆನ್ನು ತಟ್ಟಿದರು. ನಾನು ಬೆನ್ನನ್ನು ಇನ್ನಷ್ಟು ಒಡ್ಡಿದೆ, ಬೆನ್ನು ತಟ್ಟಿಸಿಕೊಳ್ಳುವುದು ನನಗೆ ಅಪರೂಪವಾಗಿತ್ತು. ಮುಂದಿನ ಸಾಲೂ ಆ ಕಡೆಯಿಂದಲೇ ಬಂದಾಗ ಅಪ್ಪ ತಲೆ ಎತ್ತಿ ನೋಡಿದರು.

ಅವಳು ನನ್ನ ಮೂರನೆಯ ಪುಸ್ತಕವನ್ನು ಪೂರ್ತಿ ಓದುತ್ತಿದ್ದಳು. ಮಗ್ಗಿ ಹೇಳುತ್ತಿದ್ದಳು. ನಮ್ಮ ಬೆಟ್ಟದ ಹಳ್ಳಗಳು ಎಲ್ಲೆಲ್ಲಿಗೆ ಹೋಗುತ್ತವೆಂದು ಅಪ್ಪ ನನಗೆ ಹೇಳಿಕೊಟ್ಟದ್ದೆಲ್ಲ ಅವಳ ಬಾಯಲ್ಲಿತ್ತು. ಒಂದೇ ಒಂದು ಐಬು. ಎದುರು ಕುಳಿತು ಕಲಿತವಳಾದ್ದರಿಂದ ಪುಸ್ತಕ ತಲೆಕೆಳಗಾಗಿದ್ದರೆ ಮಾತ್ರ ಓದಲು ಬರುತ್ತಿತ್ತು.

ಅಪ್ಪನ ನಿದ್ದೆ ಹಾರಿಹೋಯಿತು. ಇಂಥ ಕೂಸನ್ನು ಶಾಲೆಗೆ ಹಾಕದೆ ಬಿಡುವುದು ಹೇಗೆ? ಆದರೆ ನಮ್ಮ ಹಟ್ಟಿಯ ಹೆಣ್ಣುಮಗು ಒಂದೂ ಅಲ್ಲಿಯವರೆಗೆ ಆ ಹಳ್ಳ ದಾಟಿ ಶಾಲೆಗೆ ಹೋಗಿರಲಿಲ್ಲ. ಹಿರಿಯರು ಕುಳಿತುಕೊಳ್ಳುವ ಕಲ್ಲುಕಟ್ಟೆಯಲ್ಲಿ ಮಾತು ಎದ್ದಿತು. ಊರ ಗೌಡರು ಕೆಟ್ಟವರಲ್ಲ, ಆದರೆ ಅವರ ಲೆಕ್ಕ ಬೇರೆ.

"ಹೆಣ್ಣುಕೂಸು ಓದಿ ಏನ ಮಾಡುವ? ನಾಳೆಗ ಹೊಲದ ಕಳೆ ಕೀಳುವೋರು ಯಾರು?" ಎಂದರು.

ಅಪ್ಪ ಅಲ್ಲೇ ನಿಂತು ಮಾತು ಕೊಟ್ಟರು. "ವರ್ಷಗ ಒಂದು ಸಲ ಇಸ್ಕೂಲು ಇನ್ಸ್‌ಪೆಕ್ಟರು ಬನ್ನರ. ಅವರೇ ಕೂಸ ಕೇಳಲಿ. ಬುದ್ಧಿ ಉಂಟು ಎಂದರ ಓದಲಿ, ಊಟಿಯ ಹೆಣ್ಣುಮಕ್ಕಳ ಇಸ್ಕೂಲುಗ ಕಳಿಸುವೆ. ಇಲ್ಲೆ ಎಂದರ ಅಂದೇ ಮನೆಗ ಕರಕೊಂಡು ಬನ್ನೆ. ಮತ್ತ ಆ ಮಾತು ಎತ್ತುವದಿಲ್ಲೆ."

ಗೌಡರು ಒಪ್ಪಿದರು. ಕಲ್ಲುಕಟ್ಟೆಯ ಮುಂದೆ ಆಡಿದ ಮಾತನ್ನು ನಮ್ಮವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅಪ್ಪನಿಗೆ ಭಯವೂ ಇರಲಿಲ್ಲ. ಕೂಸಿಗೆ ಬಾರದ ಪ್ರಶ್ನೆಯನ್ನು ಯಾವ ಇನ್ಸ್‌ಪೆಕ್ಟರು ತಂದಾನೆಂಬ ಧೈರ್ಯ.

ಶಾಲೆಗೆ ಸೇರಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಊಟಿ ಸಂತೆಗೆ ಹೋಗುವಾಗ ಹೊದೆಯುವ ಬಿಳಿಯ ಹೊದಿಕೆ ಹೊದ್ದು, ಮುಂಡಾಸು ಸುತ್ತಿ, ಮಾದಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಟರು. ಹಿಂದೆ ನಾನು. ಮೇಷ್ಟ್ರು ಬಾಗಿಲಲ್ಲೇ ನಕ್ಕರು.

"ಏನ್ ಯಜಮಾನ್ರೇ, ಹಾಲು ಕುಡಿಯೋ ಮಗೂನ ತಂದಿದ್ದೀರಲ್ಲ!"

"ಕೂಸುಗ ಓದ ಬಂದದ ಮೇಷ್ಟ್ರೇ. ನೀವೇ ನೋಡಿ."

ಮೇಷ್ಟ್ರು ಮೂರನೆಯ ಪುಸ್ತಕವನ್ನು ಅವಳ ಕೈಗೆ ಕೊಟ್ಟರು. ಅವಳು ಅದನ್ನು ತಿರುಗಿಸಿ ತಲೆಕೆಳಗಾಗಿ ಹಿಡಿದಳು. "ಹಿಡಿಯೋಕೇ ಬರಲ್ಲ, ಇನ್ನು ಓದೋದೇನು!" ಎಂದು ಮೇಷ್ಟ್ರು ಅದನ್ನು ನೆಟ್ಟಗೆ ಮಾಡಿದರು. ಅವಳು ಮತ್ತೆ ತಿರುಗಿಸಿ, ಗಂಟಲು ಸರಿಮಾಡಿಕೊಂಡು, ಓದಲು ಶುರು ಮಾಡಿದಳು. ಎಲ್ಲಿಯೂ ತಡೆಯಲಿಲ್ಲ. ಮೇಷ್ಟ್ರು ಬಾಯಿಪಾಠವಿರಬೇಕೆಂದು ಹಾಳೆ ಮಗುಚಿದರು, ಮತ್ತೊಂದು ಪುಸ್ತಕ ಕೊಟ್ಟರು. ಕೊನೆಗೆ ಅವಳು ಓದುವುದು ಸರಿಯೋ ತಪ್ಪೋ ಎಂದು ನೋಡಲು ತಾವೇ ಕತ್ತು ತಿರುಚಿ ಬಗ್ಗಿ ನಿಂತರು. ಕಿವಿಯ ಬಟ್ಟೆ ಬಿಚ್ಚಿ ಜೋತಾಡುತ್ತಿತ್ತು. ಹುಡುಗರೆಲ್ಲ ನಕ್ಕರು, ಆದರೆ ಅಪ್ಪ ನಗಲಿಲ್ಲ. ಅವರ ಕಣ್ಣು ಒದ್ದೆಯಾಗಿತ್ತು.

"ಇದನ್ನ ಚಿಕ್ಕಮಕ್ಕಳ ಜೊತೆ ಕೂರಿಸಿದ್ರೆ ನನ್ನ ಕೆಲಸಕ್ಕೇ ಸಂಚಕಾರ. ಮೂರನೇ ತರಗತೀಲೇ ಇರ್ಲಿ. ಅಣ್ಣನ ಪಕ್ಕದಲ್ಲಿ ಕೂರಿಸ್ತೀನಿ, ಹೊಸ ಜಾಗ ಅಂತ ಹೆದರಿಕೊಳ್ಳೋದು ಬೇಡ" ಎಂದರು ಮೇಷ್ಟ್ರು. ಎಷ್ಟು ಒಳ್ಳೆಯ ಮನಸ್ಸಿನ ಮಾತು ನೋಡಿ. ಅಂದು ಅವರು ಅವಳನ್ನು ಬೇರೆ ಎಲ್ಲಿ ಕೂರಿಸಿದ್ದರೂ ನಡೆಯುತ್ತಿತ್ತು.

ಮರುದಿನವೇ ಅದು ಆಯಿತು. ಏನು ಪ್ರಶ್ನೆಯೋ ಮರೆತಿದ್ದೇನೆ, ಆಗಲೂ ಗೊತ್ತಿರಲಿಲ್ಲ. ಅದು ನೇರ ನನಗೇ ಬಂತು, ನಾನು ನಿಂತೆ. ಪಕ್ಕದಲ್ಲಿದ್ದ ಮಾದಿ ಪಟ್ಟನೆ ಉತ್ತರ ಹೇಳಿದಳು. "ಭೇಷ್! ಹಿಡಿ ಅಣ್ಣನ ಮೂಗು, ಕೊಡು ಒಂದು!" ಎಂದರು ಮೇಷ್ಟ್ರು.

ಅವಳಿಗೆ ಎಟುಕಬೇಕಲ್ಲ? ನಾನು ಮೂಗಿನ ವಿಷಯದಲ್ಲಿ ಅನುಭವಸ್ಥ. ತಡ ಮಾಡಿದಷ್ಟೂ ಏಟು ಬಲವಾಗುತ್ತದೆಂದು ಬಲ್ಲವನು. ಮೊಣಕಾಲೂರಿ, ತಲೆ ಬಗ್ಗಿಸಿ ಅವಳ ಮುಂದೆ ಕುಳಿತೆ. ಮಾದಿ ಒಂದು ಗಳಿಗೆ ನನ್ನನ್ನು ನೋಡಿದಳು. ಆಮೇಲೆ ತನ್ನ ಪುಟ್ಟ ಕೈಯನ್ನು ನನ್ನ ತಲೆಯ ಮೇಲಿಟ್ಟು, "ಬದುಕು, ಬದುಕು" ಎಂದಳು.

ನಮ್ಮಲ್ಲಿ ಕಿರಿಯರು ಹಿರಿಯರನ್ನು ಕಂಡರೆ ತಲೆ ಬಗ್ಗಿಸುತ್ತಾರೆ. ಹಿರಿಯರು ತಲೆ ಮುಟ್ಟಿ "ಬದುಕು, ಬದುಕು" ಎಂದು ಹರಸುತ್ತಾರೆ. ಹುಟ್ಟಿದಂದಿನಿಂದ ಅವಳು ನೋಡಿದ್ದು ಅದನ್ನೇ. ಬಗ್ಗಿದ ತಲೆಗೆ ಇನ್ನೇನು ಮಾಡಬೇಕೆಂದು ಆ ಕೂಸಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಶಾಲೆಗೆ ಶಾಲೆಯೇ ಬಿದ್ದು ಬಿದ್ದು ನಕ್ಕಿತು. ನಾನೂ ಬಗ್ಗಿಕೊಂಡೇ ನಕ್ಕೆ. ಬಯಲುಸೀಮೆಯ ಮೇಷ್ಟ್ರಿಗೆ ಅದೇನೆಂದು ಹುಡುಗರು ವಿವರಿಸಬೇಕಾಯಿತು. ಅವರೂ ನಕ್ಕರು. ಆಮೇಲೆ, "ಅದೆಲ್ಲ ಮನೇಲಿ ಕಣವ್ವ. ಇದು ಶಾಲೆ" ಎಂದು ಹೇಳಿ, ಹತ್ತಿರ ಬಂದು, ಅವಳ ಎಡಗೈಯನ್ನು ನನ್ನ ಮೂಗಿನ ಮೇಲಿಟ್ಟು, ಬಲಗೈಯನ್ನು ತಾವೇ ಹಿಡಿದು ನನ್ನ ಕೆನ್ನೆಗೆ ಹೊಡೆಸಿದರು.

ನನಗೆ ನೋವಾಗಲಿಲ್ಲ. ಅದಕ್ಕಿಂತ ದೊಡ್ಡ ದೊಡ್ಡ ಕೈಗಳನ್ನು ಕಂಡ ಕೆನ್ನೆ ಅದು. ಅತ್ತವಳು ಮಾದಿ. ಸದ್ದಿಲ್ಲದೆ ಅತ್ತಳು, ಶಾಲೆ ಬಿಡುವ ತನಕ ಕೈಯನ್ನು ಹೊದಿಕೆಯೊಳಗೆ ಮುಚ್ಚಿಟ್ಟುಕೊಂಡಿದ್ದಳು.

ಅಂದಿನಿಂದ ಅವಳ ಬಾಯಿ ಕಟ್ಟಿಹೋಯಿತು. ಮೇಷ್ಟ್ರು ಏನು ಕೇಳಿದರೂ ನನ್ನ ಪಕ್ಕದಲ್ಲಿ ಎದ್ದು ನಿಲ್ಲುತ್ತಿದ್ದಳು. ಅವಳ ಆಚೆ ಕೂತವನು ಯಾರಾದರೂ ಉತ್ತರ ಹೇಳಿ ನಮ್ಮಿಬ್ಬರ ಮೂಗನ್ನೂ ಹಿಡಿದು ಹೋಗುತ್ತಿದ್ದ. ಮನೆಗೆ ಬಂದರೆ ಒಲೆಯ ಮುಂದೆ ಎಲ್ಲವನ್ನೂ ಪಟಪಟನೆ ಹೇಳುವಳು. ಅಪ್ಪನಿಗೆ ಮೇಷ್ಟ್ರ ಮೇಲೆ ಸಂಶಯ, ಮೇಷ್ಟ್ರಿಗೆ ಅಪ್ಪನ ಮೇಲೆ ಸಂಶಯ. ಹಳ್ಳದ ಈ ದಂಡೆಯಲ್ಲಿ ಜಾಣೆ, ಆ ದಂಡೆಯಲ್ಲಿ ಪೆದ್ದಿ ಎಂದು ಹುಡುಗರು ಅವಳನ್ನು ಆಡಿಕೊಂಡರು. ಎರಡೂ ದಂಡೆಯಲ್ಲಿ ಪೆದ್ದನಾಗಿದ್ದ ನನಗೆ ಮಾತ್ರ ಇದರ ಗುಟ್ಟು ಬಹಳ ದಿನ ಹೊಳೆಯಲಿಲ್ಲ.

ಒಂದು ಸಂಜೆ ಮನೆಗೆ ಬರುವಾಗ ಅವಳು ಅಂದಿನ ಪ್ರಶ್ನೆಗಳಿಗೆಲ್ಲ ದಾರಿಯುದ್ದಕ್ಕೂ ಉತ್ತರ ಹೇಳಿಕೊಳ್ಳುತ್ತ ಕುಣಿದುಕೊಂಡು ಬರುತ್ತಿದ್ದಳು. ನನಗೆ ರೇಗಿತು.

"ಇದ ಅಲ್ಲಿ ಏಕ ಹೇಳಿಲ್ಲೆ?"

"ನೀ ಹೇಳಿಲ್ಲೆಯಲ್ಲ ಅಣ್ಣಾ" ಎಂದಳು.

ಅಷ್ಟೇ ಹೇಳಿದ್ದು. ನಾನು ಉತ್ತರ ಹೇಳಿದರೆ ಮುಂದಿನದಕ್ಕೆ ತಾನೂ ಹೇಳುವಳು, ನಾನು ನಿಂತರೆ ತಾನೂ ನಿಲ್ಲುವಳು. ನಾನು ಎಷ್ಟು ಗದರಿದರೂ, "ಎನಗ ನೋವಾಗದು, ನೀ ಹೊಡಿ" ಎಂದು ಎಷ್ಟು ಬೇಡಿಕೊಂಡರೂ ಅವಳದು ಒಂದೇ ಹಟ. ಅಪ್ಪನಿಗೆ ಹೇಳಬಾರದೆಂದು ಆಣೆ ಬೇರೆ ಹಾಕಿಸಿಕೊಂಡಳು. ಅಪ್ಪನಿಗೆ ಗೊತ್ತಾದರೆ ಮೇಷ್ಟ್ರಿಗೆ ಹೇಳುತ್ತಾರೆ, ಮೇಷ್ಟ್ರು ಮತ್ತೆ ತನ್ನ ಕೈ ಹಿಡಿದು ಹೊಡೆಸುತ್ತಾರೆಂಬ ಹೆದರಿಕೆ ಅವಳಿಗೆ.

ಉಳಿದದ್ದು ಒಂದೇ ದಾರಿ. ನಾನು ಓದಬೇಕು! ನಗಬೇಡಿ. ಇನ್ಸ್‌ಪೆಕ್ಟರು ಬರುವ ದಿನ ಹತ್ತಿರವಾಗುತ್ತಿತ್ತು. ನನ್ನ ತಲೆಗೆ ಇಳಿದದ್ದಷ್ಟೇ ಅವಳ ಬಾಯಿಂದ ಹೊರಡುವುದೆಂದ ಮೇಲೆ ನಾನು ಇಳಿಸಿಕೊಳ್ಳದೆ ಹೇಗೆ ಇರಲಿ? ಎಮ್ಮೆ ಹೊಡೆದುಕೊಂಡು ಹೋಗುವಾಗ ಮಗ್ಗಿ, ಸೌದೆ ತರುವಾಗ ಪದ್ಯ, ಹಾಸಿಗೆಯಲ್ಲಿ ನದಿಗಳು. ನನಗೆ ಪಾಠ ಹೇಳುವ ಮೇಷ್ಟ್ರು ಮಾದಿಯೇ. ತಪ್ಪಿದರೆ ಸಿಟ್ಟಾಗುತ್ತಿರಲಿಲ್ಲ, ಇನ್ನೊಮ್ಮೆ ಹೇಳುತ್ತಿದ್ದಳು. ಅಪ್ಪ ಇದನ್ನು ನೋಡಿ, ಕೂಸಿನ ದೆಸೆಯಿಂದ ಹುಡುಗನೂ ದಾರಿಗೆ ಬಂದನೆಂದು ಅವ್ವೆಯ ಮುಂದೆ ಹಿಗ್ಗಿದರು. ನನ್ನ ಬದುಕಿನಲ್ಲಿ ಅಷ್ಟು ಸಂತೋಷದ ದಿನಗಳು ಮತ್ತೆ ಬರಲಿಲ್ಲ. ತರಗತಿಯಲ್ಲೂ ನಾನು ಒಂದೆರಡು ಉತ್ತರ ಹೇಳಿದೆ. ಹೇಳಿದೊಡನೆ ಪಕ್ಕದಲ್ಲಿ ಮಾದಿಯ ಬಾಯಿಯೂ ಬಿಚ್ಚಿಕೊಂಡಿತು. ಮೇಷ್ಟ್ರು ಕಿವಿಯ ಬಟ್ಟೆ ತೆಗೆದು ಕೇಳಿಸಿಕೊಂಡರು.

ಇನ್ಸ್‌ಪೆಕ್ಟರು ಕುದುರೆಯ ಮೇಲೆ ಬಂದರು. ಶಾಲೆ ಸಾರಿಸಿ, ಬಾಗಿಲಿಗೆ ಸೊಪ್ಪು ಕಟ್ಟಿತ್ತು. ಅಪ್ಪನೂ ಗೌಡರೂ ಕಿಟಕಿಯ ಹೊರಗೆ ನಿಂತಿದ್ದರು. ಬಂದ ಇನ್ಸ್‌ಪೆಕ್ಟರು ಬಿಳಿಯ ದೊರೆಯಲ್ಲ, ನಮ್ಮ ದೇಶದವರೇ. ಆದರೆ ಬೂಟು, ಕೋಟು, ದೊಡ್ಡ ಮೀಸೆ. ಅವರು ಮೀಸೆಯನ್ನು ಮುಟ್ಟಿಕೊಂಡಾಗೆಲ್ಲ ನನ್ನ ಕೈ ತಾನಾಗಿ ಮೂಗಿಗೆ ಹೋಗುತ್ತಿತ್ತು. ಮೇಷ್ಟ್ರು ಮಾದಿಯನ್ನು ತೋರಿಸಿ ಏನೋ ಹೇಳಿದರು. ಇನ್ಸ್‌ಪೆಕ್ಟರು ನಕ್ಕು, ಸಾಲಿಗೆ ಒಂದು ಪ್ರಶ್ನೆ ಹಾಕಿದರು.

"ಈ ಶಾಲೆಯ ಕೆಳಗೆ ಹರಿಯುವ ಹಳ್ಳದ ನೀರು ಯಾವ ನದಿಯನ್ನು ಸೇರುತ್ತದೆ?"

ನನಗೆ ಗೊತ್ತಿತ್ತು! ಹಿಂದಿನ ದಿನವೂ ಹೇಳಿದ್ದೆ. ಮೊದಲ ಹುಡುಗ ನಿಂತ, ಎರಡನೆಯವನು ನಿಂತ. ಮುಂದಿನವನು ನಾನು. ಎದ್ದೆ, ಬಾಯಿ ತೆರೆದೆ. ಆ ಬೂಟು, ಆ ಮೀಸೆ, ಕಿಟಕಿಯಲ್ಲಿ ಅಪ್ಪನ ಮುಖ, ಎಲ್ಲ ಒಟ್ಟಿಗೆ ಕಂಡವು. ಹೆಸರು ನಾಲಿಗೆಯ ಬುಡದಲ್ಲೇ ಇತ್ತು. ಹೊರಗೆ ಬಂದದ್ದು ಗಾಳಿ. ಮಾದಿ ಕತ್ತೆತ್ತಿ ನನ್ನ ಬಾಯನ್ನೇ ನೋಡುತ್ತಿದ್ದಳು. ತುಟಿ ಅಲುಗಿಸಿ ನನಗೆ ದಾರಿ ತೋರಿಸುತ್ತಿದ್ದಳು. ನಾನು ಹೇಳುವೆನೆಂದು ಕಾದಳು. ಮೇಷ್ಟ್ರೂ ಕಾದರು.

"ನೀನು ಹೇಳು ಮಗು" ಎಂದರು ಇನ್ಸ್‌ಪೆಕ್ಟರು, ಬಹಳ ಪ್ರೀತಿಯಿಂದಲೇ.

ಮಾದಿ ಇನ್ನೊಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ನೆಲ ನೋಡಿದಳು.

"ಎನಗ ಗೊತ್ತಿಲ್ಲೆ" ಎಂದಳು.

ಇನ್ಸ್‌ಪೆಕ್ಟರು ಇನ್ನೂ ಒಂದೆರಡು ಪ್ರಶ್ನೆ ಕೇಳಿದರು. ನಾನು ನಿಂತೇ ಇದ್ದೆ. ಅವಳ ಉತ್ತರವೂ ಬದಲಾಗಲಿಲ್ಲ. ಪುಸ್ತಕವನ್ನಾದರೂ ಓದಿಸಿರೆಂದು ಮೇಷ್ಟ್ರು ಗೋಗರೆದರು. ಆದರೆ ಅಷ್ಟು ಹೊತ್ತಿಗೆ ಅವಳು ಅಳತೊಡಗಿದ್ದಳು. "ಎಳೆಯ ಮಗು, ಯಾಕೆ ಹಿಂಸೆ ಮಾಡುತ್ತೀರಿ? ಮನೆಯಲ್ಲಿ ಆಡಿಕೊಂಡಿರಲಿ" ಎಂದು ಹೇಳಿ ಇನ್ಸ್‌ಪೆಕ್ಟರು ಮುಂದಿನ ಸಾಲಿಗೆ ಹೋದರು. ಗೌಡರು ಕಿಟಕಿಯಿಂದ ಈಚೆ ಸರಿದರು. ಅಪ್ಪನ ಹೆಗಲ ಮೇಲೆ ಒಮ್ಮೆ ಕೈಯಿಟ್ಟು ತಮ್ಮ ದಾರಿ ಹಿಡಿದರು.

ಹಳ್ಳದ ಮೇಲೆ ಒಂದು ಹಲಗೆಯ ಸೇತುವೆ. ಅದನ್ನು ದಾಟುವಾಗ ಅಪ್ಪನ ಹೆಗಲ ಮೇಲಿದ್ದ ಮಾದಿ ಕೆಳಗೆ ಹರಿಯುವ ನೀರನ್ನು ನೋಡಿ, ಹಿಂದೆ ಬರುತ್ತಿದ್ದ ನನ್ನ ಕಡೆ ತಿರುಗಿ, "ಭವಾನಿ ಅಣ್ಣಾ, ಭವಾನಿ" ಎಂದು ಮೆಲ್ಲನೆ ನೆನಪಿಸಿದಳು. ಅಪ್ಪ ಹಲಗೆಯ ನಡುವೆ ನಿಂತುಬಿಟ್ಟರು. ಆಗ ನಾನು ಆಣೆ ಮುರಿದು ಎಲ್ಲವನ್ನೂ ಹೇಳಿದೆ. ಅವರು ತಿರುಗಿ ಶಾಲೆಯ ಕಡೆ ನೋಡಿದರು, ಹಟ್ಟಿಯ ಕಡೆ ನೋಡಿದರು. ಕಲ್ಲುಕಟ್ಟೆಯಲ್ಲಿ ಕೊಟ್ಟ ಮಾತು ಕೊಟ್ಟದ್ದೇ. ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಮಾದಿ ಅವ್ವೆಯ ಸೆರಗು ಹಿಡಿದುಕೊಂಡು ಹೊಲದ ಕಡೆ ಹೋದಳು.

ಮುಂದಿನದು ಹೇಳುವಂಥದ್ದಲ್ಲ. ನಾನು ಆ ಶಾಲೆಯನ್ನು ಹೇಗೋ ಮುಗಿಸಿದೆ. ದೇವಾಲದ ಕಡೆ ಚಹಾ ಎಸ್ಟೇಟಿನಲ್ಲಿ ರೈಟರ ಕೆಲಸ ಸಿಕ್ಕಿತು. ಎಲೆ ತೂಗುವಲ್ಲಿ ಕುಳಿತು ಬರೆಯುವುದು, ತಮಿಳಿನಲ್ಲಿ ಗದರುವುದು, ಮಲಯಾಳದಲ್ಲಿ ಬೈಸಿಕೊಳ್ಳುವುದು, ಇಷ್ಟರಲ್ಲೇ ಆಯುಷ್ಯ ಕಳೆಯಿತು. ಓದಿದವನೆಂದು ಹಟ್ಟಿಯಲ್ಲಿ ನನಗೆ ಮರ್ಯಾದೆ ಬೇರೆ. ಮಾದಿಯನ್ನು ಕೋತಗಿರಿ ಕಡೆಯ ಹಟ್ಟಿಗೆ ಕೊಟ್ಟರು. ಒಳ್ಳೆಯ ಮನೆ, ಒಳ್ಳೆಯ ಗಂಡ. ಅವಳ ಕೈಯಲ್ಲಿ ಪುಸ್ತಕವನ್ನು ನಾನು ಮತ್ತೆ ಕಾಣಲಿಲ್ಲ. ಈ ವಿಷಯ ನೆನಪಾದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಯಾರ ಮೇಲೆ ಸಿಟ್ಟು ಮಾಡಲಿ? ಮೇಷ್ಟ್ರು, ಅಪ್ಪ, ಗೌಡರು, ಇನ್ಸ್‌ಪೆಕ್ಟರು, ಎಲ್ಲರೂ ಒಳ್ಳೆಯವರೇ. ಅಷ್ಟು ಒಳ್ಳೆಯವರು ಸೇರಿ ಒಂದು ಕೂಸಿನ ವಿದ್ಯೆಯನ್ನು ಉಳಿಸಲಾರದೆ ಹೋದರಲ್ಲ ಎಂಬುದೇ ನನ್ನ ಸಂಕಟ.

ಈ ವರ್ಷ ಅವಳ ಕಿರಿಯ ಮಗಳನ್ನು ಶಾಲೆಗೆ ಹಾಕಬೇಕಾಗಿ ಬಂತು. ಈಗ ಹೆಣ್ಣುಮಕ್ಕಳು ಹೋಗುವುದು ದೊಡ್ಡ ಸಂಗತಿಯಲ್ಲ. ಸೋದರಮಾವನೇ ಕರೆದುಕೊಂಡು ಹೋಗಲೆಂದು ಹೇಳಿಕಳಿಸಿದರು, ಹೋದೆ. ಕೂಸನ್ನು ಶಾಲೆಯಲ್ಲಿ ಬಿಟ್ಟು ನಾನು ಮನೆಗೆ ಹಿಂತಿರುಗಿದಾಗ ಮಾದಿ ಅಂಗಳದಲ್ಲಿ ಕುಳಿತು ಬಿತ್ತನೆಯ ಆಲೂಗಡ್ಡೆ ಆರಿಸುತ್ತಿದ್ದಳು.

"ಕೂಸು ಅತ್ತಳಾ ಅಣ್ಣಾ?"

"ಇಲ್ಲೆ. ಮೊದಲ ದಿನ ನೀನೂ ಅತ್ತಿಲ್ಲೆ" ಎಂದೆ.

ಅವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು. "ನಾನಾ? ನಾ ಯಾವಗ ಇಸ್ಕೂಲುಗ ಹೋನೆ?"

ನಾನು ಹಾಸ್ಯವೆಂದುಕೊಂಡೆ. ಹಾಸ್ಯವಲ್ಲ. ಅವಳಿಗೆ ಒಂದೂ ನೆನಪಿರಲಿಲ್ಲ. ಮೇಷ್ಟ್ರಿಲ್ಲ, ಪುಸ್ತಕವಿಲ್ಲ, ಅಪ್ಪನ ಹೆಗಲೂ ಇಲ್ಲ. ನಾನು ಇಷ್ಟು ವರ್ಷ ಹೊತ್ತು ತಿರುಗಿದ್ದನ್ನು ಅವಳು ಎಂದೋ ಬಿಟ್ಟುಬಿಟ್ಟಿದ್ದಳು. ನೀನು ಹೋಗಿದ್ದೆ, ಸ್ವಲ್ಪ ದಿನ ಹೋಗಿದ್ದೆ ಎಂದು ನಾನು ಹೇಳಿದರೆ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಆಮೇಲೆ, ಕೂಸಿನ ಹಾಗೆ ಆಸೆಯಿಂದ ಕೇಳಿದಳು.

"ನಾ ಚೆನ್ನ ಓದಿನನಾ ಅಣ್ಣಾ?"

"ಓದಿದೆ. ನಮ್ಮ ಎಲ್ಲರಿಗಿಂತ ಚೆನ್ನ ಓದಿದೆ."

"ಮತ್ತ ಏಕ ಬುಟ್ಟೆ?"

ಯಾರು ಏನು ಕೇಳಿದರೂ ಉತ್ತರ ಗೊತ್ತಿಲ್ಲದೆ ನಿಂತೇ ಬದುಕಿದವನು ನಾನು. ಈ ಒಂದು ಪ್ರಶ್ನೆಯ ಉತ್ತರ ಮಾತ್ರ ನನಗೆ ಗೊತ್ತಿತ್ತು. ಹೇಳಿಬಿಟ್ಟರೆ ಅದು ಅವಳ ಎದೆಯಲ್ಲಿ ಉಳಿಯುತ್ತದೆ. ಅವಳು ನನ್ನ ಮುಖ ನೋಡುತ್ತ ಕಾಯುತ್ತಿದ್ದಳು.

"ಎನಗ ಗೊತ್ತಿಲ್ಲೆ ಮಾದಿ" ಎಂದೆ.